ನಾಯಿಗೆ ಉಣ್ಣಿ: ಎಷ್ಟು ಕಿತ್ತರೂ ಮತ್ತೆ ಯಾಕೆ ಹತ್ತುತ್ತವೆ?

ವಾರಕ್ಕೊಮ್ಮೆ ಸ್ನಾನ ಮಾಡಿಸಿ, ಕೂತು ಉಣ್ಣಿ ಆರಿಸಿದರೂ ನಾಲ್ಕೇ ದಿನಕ್ಕೆ ಮತ್ತೆ ಹತ್ತುತ್ತವೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾಯಿ ಮೈ ಜೊತೆಗೆ ಒಮ್ಮೆ ಮನೆ ಗೋಡೆಯನ್ನೂ ನೋಡಿ.

ನಮ್ಮದು ಧಾರವಾಡದ ಮಾಳಮಡ್ಡಿಯಲ್ಲಿ ಹಳೆಯ ಹಂಚಿನ ಮನೆ. ಹೋಳಿ ಹುಣ್ಣಿಮೆ ಕಳೆದು ಬಿಸಿಲು ಏರಿದ ಮೇಲೆ ನಮ್ಮ ಕರಿಯನಿಗೂ ಹೀಗೇ ಆಯಿತು. ಒಂದು ರಾತ್ರಿ ಬ್ಯಾಟರಿ ಹಿಡಿದು ಅವನು ಮಲಗುವ ಮೂಲೆ ನೋಡಿದೆ. ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಎಳ್ಳು ಚೆಲ್ಲಿದ ಹಾಗೆ ಮರಿ ಉಣ್ಣಿ! ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ಕೆಳಗೆ ಬಿದ್ದು, ಇಂಥ ಸಂದಿ ಹುಡುಕಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ದೊಡ್ಡ ಉಣ್ಣಿಗಳು ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಹಾಗಾಗಿ ಒಂದು ಸಲ ತೊಳೆದು ಬಿಟ್ಟರೆ ಏನೂ ಪ್ರಯೋಜನವಿಲ್ಲ.

ನಾವು ಬಿರುಕುಗಳಿಗೆ ಸಿಮೆಂಟ್ ತುಂಬಿದೆವು. ಹಾಸಿಗೆಯ ಗೋಣಿತಟ್ಟನ್ನು ವಾರವಾರ ಕುದಿಯುವ ನೀರಲ್ಲಿ ಅದ್ದಿದೆವು. ಡಾಕ್ಟರು ಹೇಳಿದ ಔಷಧಿಯನ್ನು ಸಂದಿಗಳಿಗೆ ಹೊಡೆದು, ಒಣಗುವವರೆಗೆ ಕರಿಯನನ್ನು ಹೊರಗೆ ಕಟ್ಟಿದೆವು. ಮೂರು ತಿಂಗಳು ಬಿಡದೆ ಮಾಡಿದ ಮೇಲೆಯೇ ಕಾಟ ನಿಂತಿದ್ದು.

ನಾಯಿಗೆ ತೂಕ ನೋಡಿಸಿ ಔಷಧಿ ಕೊಡಿಸಿ. ತಿಂಗಳಿಗೊಂದು, ಇಲ್ಲವೇ ಸುಮಾರು ಮೂರು ತಿಂಗಳಿಗೊಂದು ನುಂಗಿಸುವ ಗುಳಿಗೆಗಳಿವೆ. ಮೊದಲು ಫಿಟ್ಸ್ ಬಂದಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಕುತ್ತಿಗೆಯ ಹಿಂದೆ ಬಿಡುವ ಹನಿಯಾದರೆ ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ದನಕ್ಕೆ ಹೊಡೆಯುವ ಔಷಧಿಯನ್ನೇ ಅಂದಾಜಿನ ಮೇಲೆ ನಾಯಿಗೆ ಸುರಿಯುವವರನ್ನು ನಮ್ಮ ಕಡೆ ತುಂಬಾ ನೋಡಿದ್ದೇನೆ. ದಯವಿಟ್ಟು ಬೇಡ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಎಚ್ಚರ: ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ನಾಯಿ ಔಷಧಿ ಬೆಕ್ಕಿನ ಜೀವ ತೆಗೆಯಬಹುದು.

ಕೀಳುವಾಗ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಬೆರಳಲ್ಲಿ ಹಿಸುಕಲೂ ಬೇಡ.

ನಾನು ತಪ್ಪಿದ್ದು ಒಂದೇ ಕಡೆ. ಕರಿಯ ಹಾಲು ರೊಟ್ಟಿ ಬಿಟ್ಟು ಮಲಗಿದಾಗ ಸುಮ್ನೆ ಬಿಸಿಲಿಗೆ ಅಂದುಕೊಂಡೆ. ಮೂರನೇ ದಿನ ಮೂಗಿನಿಂದ ರಕ್ತ ಬಂತು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿತ್ತು. ಉಣ್ಣಿಯಿಂದ ಹರಡುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ಅಂದರು. 28 ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟೆವು, ಉಳಿದ. ನಿಮ್ಮ ನಾಯಿ ಊಟ ಬಿಟ್ಟರೆ, ಜ್ವರ ಬಂದರೆ, ಒಸಡು ಬೆಳ್ಳಗಾದರೆ ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಉಣ್ಣಿ ಹತ್ತಿದ್ದವು ಅನ್ನುವುದನ್ನು ಮೊದಲೇ ಹೇಳಿ.