ರೇಂಜಿನಲ್ಲಿ ಚೆನ್ನಾಗಿ ಆಡುತ್ತೇನೆ, ಕೋರ್ಸಿನಲ್ಲಿ ಗಾಲ್ಫ್ ಯಾಕೆ ಕೈಕೊಡುತ್ತೆ?

ಒಂದು ವಾರ ಸ್ಕೋರ್ 91 ಏಟು, ಮುಂದಿನ ವಾರ 106 (ಗಾಲ್ಫಿನಲ್ಲಿ ಏಟು ಕಡಿಮೆಯಾದಷ್ಟೂ ಒಳ್ಳೆಯದು), ಅಭ್ಯಾಸದ ಜಾಗವಾದ ರೇಂಜಿನಲ್ಲಿ ಮಾತ್ರ ಎಲ್ಲ ಸರಿ, ಹಾಗಾದರೆ ಸ್ವಿಂಗ್ ಪೂರ್ತಿ ಬದಲಿಸಬೇಕಾ ಇಲ್ಲ ಹೊಸ ಕ್ಲಬ್ ಸೆಟ್ ತಗೋಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಮೊದಲು ರೇಂಜಿನ ಕೃತಕ ಹುಲ್ಲಿನ ಮ್ಯಾಟ್ ಬಿಟ್ಟು ನಿಜವಾದ ಹುಲ್ಲಿಗೆ ಬನ್ನಿ.

ಮ್ಯಾಟ್ ನಿಮ್ಮ ತಪ್ಪನ್ನೆಲ್ಲ ಮುಚ್ಚಿಡುತ್ತೆ. ಕ್ಲಬ್ ಬಾಲಿಗಿಂತ ಒಂದೆರಡು ಇಂಚು ಹಿಂದೆಯೇ ನೆಲಕ್ಕೆ ಬಡಿದರೂ ಮ್ಯಾಟ್ ಮೇಲೆ ಜಾರಿಕೊಂಡು ಹೋಗಿ ಬಾಲಿಗೆ ತಾಗುತ್ತೆ, ಬಾಲ್ ಸುಮಾರಾಗಿ ಹಾರುತ್ತೆ, ನಮಗೂ ಸಮಾಧಾನ. ಅದೇ ಏಟು ಕೋರ್ಸಿನಲ್ಲಿ ಗಿಡ್ಡಗೆ ಕತ್ತರಿಸಿದ ಹುಲ್ಲಿನ ದಾರಿಯಾದ ಫೇರ್‌ವೇ ಮೇಲೆ, ಅದರಲ್ಲೂ ಮಳೆ ಬಂದು ನೆಲ ಮೆತ್ತಗಿರುವಾಗ, ಮಣ್ಣಿನಲ್ಲಿ ಹೂತುಕೊಳ್ಳುತ್ತೆ, ಬಾಲ್ ಅಲ್ಲೇ ಮುಂದೆ ಹೋಗಿ ಕೂರುತ್ತೆ. ಕೋರ್ಸಿಗೆ ಬಂದಾಗ ಸ್ವಿಂಗ್ ಕೆಟ್ಟಿತು ಅಂತ ನಿಮಗೆ ಅನ್ನಿಸುತ್ತೆ, ಆದರೆ ರೇಂಜಿನಲ್ಲೂ ಅದು ಹಾಗೇ ಇತ್ತು.

ಹೀಗೆ ಮಾಡಿ ನೋಡಿ. ನಿಮ್ಮ ಕ್ಲಬ್ಬಿನವರನ್ನು ಕೇಳಿಕೊಂಡು ಪ್ರಾಕ್ಟೀಸ್ ಜಾಗದ ಹುಲ್ಲಿನ ಮೇಲೆ ಟಾಲ್ಕಂ ಪೌಡರಿನಲ್ಲಿ ಒಂದು ಗೆರೆ ಎಳೆಯಿರಿ. ಬಾಲ್ ಬೇಡ. ಗೆರೆ ಎರಡು ಕಾಲಿನ ನಡುವೆ ಬರುವ ಹಾಗೆ ನಿಂತು ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್ಬಾದ 8 ಐರನ್‌ನಿಂದ ಸ್ವಿಂಗ್ ಮಾಡಿ, ಒಂದು ಹೆಜ್ಜೆ ಮುಂದೆ ಸರಿದು ಇನ್ನೊಂದು, ಹೀಗೆ ಗೆರೆಯುದ್ದಕ್ಕೂ ಹೋಗಿ. ಆಮೇಲೆ ತಿರುಗಿ ನೋಡಿ, ಹುಲ್ಲು ಎಲ್ಲಿ ಕಿತ್ತಿದೆ? ಗೆರೆಯ ಮೇಲೆ ಅಥವಾ ಗುರಿಯ ಕಡೆಗೆ ಸ್ವಲ್ಪ ಮುಂದೆ ಶುರುವಾಗಿದ್ದರೆ ಸರಿ. ಒಂದು ಸಲ ಹಿಂದೆ, ಒಂದು ಸಲ ಮುಂದೆ, ಇನ್ನೊಂದು ಸಲ ಹುಲ್ಲಿಗೇ ತಾಗಿಲ್ಲ ಅಂದರೆ ನಿಮ್ಮ ಫ್ಯಾಟ್ (ಬಾಲಿಗಿಂತ ಮೊದಲು ನೆಲಕ್ಕೆ ಬಡಿಯುವುದು), ಟಾಪ್ (ಬಾಲಿನ ನೆತ್ತಿಗೆ ತಾಗುವುದು) ಎಲ್ಲದರ ಮೂಲ ಅಲ್ಲೇ ಇದೆ. ಬಹಳಷ್ಟು ಜನರಲ್ಲಿ ಕಾರಣ ಒಂದೇ: ಭಾರ ಹಿಂದಿನ ಕಾಲಿನ ಮೇಲೇ ಉಳಿದುಬಿಡುತ್ತೆ. ಬಲಗೈ ಆಟಗಾರರಾದರೆ ನಿಲ್ಲುವಾಗಲೇ ಎಡಗಾಲಿಗೆ ತುಸು ಜಾಸ್ತಿ ಭಾರ ಕೊಡಿ. ಹೊಡೆದ ಮೇಲೆ ಬೆಲ್ಟಿನ ಬಕಲ್ ಗುರಿಯ ಕಡೆ ತಿರುಗಿರಬೇಕು, ಬಲಗಾಲಿನ ಹಿಮ್ಮಡಿ ಮೇಲೆದ್ದಿರಬೇಕು, ಬಾಲ್ ನೆಲಕ್ಕೆ ಬೀಳುವವರೆಗೂ ಹಾಗೇ ನಿಲ್ಲಿ. ನಿಲ್ಲೋಕೆ ಆಗದಿದ್ದರೆ ಜಾಸ್ತಿ ಜೋರಾಗಿ ಬೀಸುತ್ತಿದ್ದೀರಿ ಅಂತಲೇ ಅರ್ಥ.

ಬಾಲ್ ಇಡುವ ಜಾಗ, ಹಿಡಿತ, ನಿಲ್ಲುವ ದಿಕ್ಕು ಇವು ನಮಗೇ ಗೊತ್ತಾಗದ ಹಾಗೆ ದಿನಾ ಸ್ವಲ್ಪ ಸ್ವಲ್ಪ ಸರಿಯುತ್ತವೆ. ದಿಕ್ಕು ಮತ್ತು ಬಾಲಿನ ಜಾಗ ಸರಿ ಇದೆಯಾ ಅಂತ ನೋಡಿಕೊಳ್ಳೋಕೆ ನೆಲದ ಮೇಲೆ ಗುರಿಯ ಕಡೆಗೆ ಒಂದು ಕ್ಲಬ್ ಇಟ್ಟುಕೊಂಡು ಅಭ್ಯಾಸ ಮಾಡಿದರೆ ಸಾಕು.

ಇನ್ನು ಸ್ಕೋರಿನ ಮಾತು. 91ಕ್ಕೂ 106ಕ್ಕೂ ನಡುವಿನ ವ್ಯತ್ಯಾಸ ಒಳ್ಳೆ ಹೊಡೆತಗಳಲ್ಲಿ ಇರುವುದಿಲ್ಲ. ಕೋರ್ಸಿನ ಗಡಿ ದಾಟಿ ಹೊರಗೆ ಹೋದ ಎರಡು ಡ್ರೈವ್ (ಹೋಲಿನ ಮೊದಲ ಉದ್ದ ಹೊಡೆತ), ಮರಳುಗುಂಡಿಯಾದ ಬಂಕರಿನಲ್ಲೇ ಉಳಿದ ಒಂದು ಬಾಲ್, ನಾಲ್ಕೈದು ತ್ರೀ ಪಟ್ (ಗ್ರೀನ್ ಮೇಲೆ ಬಾಲ್ ಕುಳಿಗೆ ಹಾಕೋಕೆ ಮೂರು ಏಟು), ಹೆಚ್ಚಿನ ಪಾಲು ಅಲ್ಲೇ ಹೋಯಿತು. 7 ಐರನ್ ಒಮ್ಮೆ ಗಾಳಿಯ ಜೊತೆ 150 ಗಜ ಹೋಗಿತ್ತು ಅಂತ ಪ್ರತಿ ಸಲ ಅದನ್ನೇ ನಂಬಬೇಡಿ, ಸಾಮಾನ್ಯವಾಗಿ ಎಷ್ಟು ಹೋಗುತ್ತೋ ಆ ಲೆಕ್ಕದಲ್ಲಿ ಕ್ಲಬ್ ತೆಗೆಯಿರಿ. ಬಾವುಟ ಎಲ್ಲೇ ಇರಲಿ, ಗ್ರೀನಿನ, ಅಂದರೆ ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ, ನಡುವೆ ಗುರಿ ಇಡಿ.

ನಮ್ಮ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರನ್ನೇ ನೋಡಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಒಂದೇ ಒಂದು ಸ್ಟ್ರೋಕಿನಲ್ಲಿ (ಏಟಿನಲ್ಲಿ) ಕಂಚು ತಪ್ಪಿ ನಾಲ್ಕನೇ ಸ್ಥಾನಕ್ಕೆ ಬಂದರು. ಅವರು ದೂರ ಹೊಡೆಯುವ ಆಟಗಾರ್ತಿಯಲ್ಲ, ಟೀಯಿಂದ, ಅಂದರೆ ಹೋಲ್ ಶುರುವಾಗುವ ಜಾಗದಿಂದ, ಬೇರೆಯವರ ಬಾಲ್ ಎಷ್ಟೋ ಮುಂದೆ ಹೋಗುತ್ತಿತ್ತು. ಗ್ರೀನಿನ ಸುತ್ತಮುತ್ತ ಮತ್ತು ಪಟರ್ ಹಿಡಿದಾಗ ಅವರು ಅದನ್ನೆಲ್ಲ ವಾಪಸ್ ತಗೊಂಡರು. ಆ ನಾಲ್ಕು ದಿನದ ಆಟ ನೋಡಿದ ಮೇಲೂ ನಾವು ರೇಂಜಿಗೆ ಹೋಗಿ ಪೂರ್ತಿ ಬುಟ್ಟಿ ಬಾಲನ್ನು ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರಿಗೇ ಸುರಿಯುತ್ತೇವೆ ಅಂದರೆ ನನಗೆ ನಿಜಕ್ಕೂ ಬೇಜಾರಾಗುತ್ತೆ.

ಪಟಿಂಗ್‌ನಲ್ಲಿ ದಿಕ್ಕಿಗಿಂತ ದೂರ ಮುಖ್ಯ. ಕುಳಿಯ ಅಗಲ 4.25 ಇಂಚು, 30 ಅಡಿಯಿಂದ ಅದಕ್ಕೆ ಹಾಕಲೇಬೇಕು ಅಂತ ಹೋಗಬೇಡಿ, ಸುತ್ತ ಮೂರು ಅಡಿಯ ವೃತ್ತದಲ್ಲಿ ನಿಂತರೆ ಗೆದ್ದ ಹಾಗೆ. ಆಟಕ್ಕೆ ಮುಂಚೆ ಒಂದೇ ಬಾಲ್ ತಗೊಂಡು ಬೇರೆ ಬೇರೆ ದೂರದಿಂದ ಹಾಕಿ. ಬೆಳಗ್ಗೆ ಇಬ್ಬನಿ ಇರುವಾಗ ಗ್ರೀನ್ ನಿಧಾನ, ಬಿಸಿಲು ಏರಿದ ಹಾಗೆ ವೇಗ ಹೆಚ್ಚುತ್ತೆ, ಬೆಳಗಿನ ಅಂದಾಜು ಕೊನೆಯ ಹೋಲಿಗೆ ನಡೆಯಲ್ಲ.

ರೇಂಜಿಗೆ ಹೋಗಲೇಬೇಡಿ ಅಂತಿಲ್ಲ. ಆದರೆ ಒಂದೇ ಕ್ಲಬ್‌ನಲ್ಲಿ ಸುಮ್ನೆ ಹೊಡೆಯುತ್ತಾ ಹೋದರೆ ಹತ್ತನೇ ಬಾಲ್ ಚೆನ್ನಾಗಿ ಬಂದೇ ಬರುತ್ತೆ, ಕೋರ್ಸಿನಲ್ಲಿ ಆ ಹತ್ತನೇ ಅವಕಾಶ ಎಲ್ಲಿದೆ, ಅಲ್ವಾ? ನಿಮ್ಮ ಕೋರ್ಸಿನ ಹೋಲ್‌ಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಡ್ರೈವರ್, ಆಮೇಲೆ 6 ಐರನ್, ಆಮೇಲೆ ಹತ್ತಿರದ ಹೊಡೆತದ ಕ್ಲಬ್ಬಾದ ವೆಜ್, ಹೀಗೆ ಪ್ರತಿ ಬಾಲಿಗೂ ಕ್ಲಬ್ ಬದಲಿಸಿ ಆಡಿ.

ಕ್ಲಬ್ ಬಗ್ಗೆ ಹೇಳುವುದಾದರೆ, ಬ್ಯಾಗಿನಲ್ಲಿ 3, 4 ಐರನ್ ಇದ್ದರೆ ಅವನ್ನು ತೆಗೆದು, ತಲೆ ದಪ್ಪಗಿದ್ದು ಹೊಡೆಯೋಕೆ ಸುಲಭವಾದ ಒಂದು ಹೈಬ್ರಿಡ್ ಕ್ಲಬ್ ಹಾಕಿಕೊಳ್ಳಿ, ಹಳೆಯದಾದರೂ ಪರವಾಗಿಲ್ಲ. ಎರಡೂ ಕಡೆ ಮರ ಇರುವ ಕಿರಿದಾದ ಹೋಲ್‌ನಲ್ಲಿ ಟೀಯಿಂದಲೂ ಅದನ್ನೇ ಬಳಸಿ, ಡ್ರೈವರ್ ಬ್ಯಾಗಿನಲ್ಲೇ ಇರಲಿ.