ಹನ್ನೊಂದು ಗಂಟೆಯ ತೂಕಡಿಕೆಗೂ ಜೋನಿಬೆಲ್ಲಕ್ಕೂ ಏನು ಸಂಬಂಧ?

ಪ್ರಶ್ನೆ: ನನಗೆ 41 ವರ್ಷ. ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಎಂಟಕ್ಕೆ ಐದಾರು ತೆಳ್ಳೇವು (ತೆಳು ಅಕ್ಕಿ ದೋಸೆ), ಜೋನಿಬೆಲ್ಲ (ನೀರಾದ ಬೆಲ್ಲ), ಬೆಲ್ಲದ ಚಹಾ. ಹನ್ನೊಂದರ ಹೊತ್ತಿಗೆ ಕಣ್ಣು ಎಳೆಯುತ್ತದೆ, ಕೂಡಿಸಿದ್ದು ತಪ್ಪುತ್ತದೆ, ಕೆಲವೊಮ್ಮೆ ಕೈ ನಡುಗುತ್ತದೆ. ಇನ್ನೊಂದು ಸಿಹಿ ಚಹಾ ಕುಡಿದರೆ ಸರಿಯಾಗುತ್ತದೆ. ತಂದೆಗೆ ಸಕ್ಕರೆ ಕಾಯಿಲೆ ಇತ್ತು. ಆದರೆ ನಾವು ಮನೆಯಲ್ಲಿ ಸಕ್ಕರೆಯನ್ನೇ ಬಳಸುವುದಿಲ್ಲ. ಹೀಗೇಕೆ ಆಗುತ್ತಿದೆ?

ಉತ್ತರ: ಆಲೆಮನೆಯಿಂದ ತಂದ ಜೋನಿಬೆಲ್ಲವೆಂದರೆ ನಮ್ಮ ಕಡೆ ಎಷ್ಟು ಪ್ರೀತಿಯೆಂದು ನನಗೆ ಗೊತ್ತು, ನನಗೂ ಇದೆ. ಆದರೆ ರಕ್ತಕ್ಕೆ ಸೇರಿದ ಮೇಲೆ ಬೆಲ್ಲವೂ ಸಕ್ಕರೆಯೇ. ತೆಳ್ಳೇವಿಗೆ ಅಕ್ಕಿಯನ್ನು ನುಣ್ಣಗೆ ರುಬ್ಬುತ್ತೇವೆ, ಅದು ಬೇಗ ಗ್ಲೂಕೋಸ್ ಆಗುತ್ತದೆ. ಎರಡೂ ಸೇರಿದಾಗ ರಕ್ತದ ಗ್ಲೂಕೋಸ್ ಒಮ್ಮೆಲೇ ಏರುತ್ತದೆ, ಅದನ್ನು ಇಳಿಸಲು ದೇಹ ಹೆಚ್ಚು ಇನ್ಸುಲಿನ್ ಬಿಡುತ್ತದೆ. ಕೆಲವರಲ್ಲಿ ಎರಡರಿಂದ ನಾಲ್ಕು ಗಂಟೆಯೊಳಗೆ ಮಟ್ಟ ತೀರಾ ಕೆಳಗೆ ಜಾರುತ್ತದೆ. ಮಿದುಳಿನ ತೂಕ ದೇಹದ ತೂಕದ ಶೇ 2ರಷ್ಟು ಮಾತ್ರ. ಆದರೆ ಸುಮ್ಮನೆ ಕುಳಿತಾಗಲೂ ದೇಹದ ಶಕ್ತಿಯ ಸುಮಾರು ಶೇ 20ರಷ್ಟು ಅದಕ್ಕೇ ಬೇಕು. ಗ್ಲೂಕೋಸನ್ನು ಹೆಚ್ಚು ಹೊತ್ತಿಗೆ ಕೂಡಿಟ್ಟುಕೊಳ್ಳಲು ಅದಕ್ಕೆ ಆಗದು. ಹಾಗಾಗಿ ಲೆಕ್ಕದ ಮೇಲಿನ ಗಮನ ಬೇಗ ಸಡಿಲುತ್ತದೆ. ಕೈ ನಡುಗುವುದು, ಗ್ಲೂಕೋಸ್ ಇಳಿದಾಗ ದೇಹ ಬಿಡುವ ಅಡ್ರಿನಲಿನ್ ಎಂಬ ಹಾರ್ಮೋನಿನಿಂದ. ಸಿಹಿ ಚಹಾ ಆ ಕ್ಷಣಕ್ಕೆ ಎತ್ತುತ್ತದೆ, ಮತ್ತೆ ಅದೇ ಏರಿಳಿತಕ್ಕೆ ದೂಡುತ್ತದೆ.

ತೆಳ್ಳೇವು ಬಿಡಬೇಕಿಲ್ಲ. ಮೂರು ಸಾಕು, ಜೋನಿಬೆಲ್ಲವನ್ನು ಹಬ್ಬದ ದಿನಕ್ಕೆ ಇಡಿ. ಮೊದಲು ಒಂದು ಬಟ್ಟಲು ಮೊಳಕೆ ಹೆಸರುಕಾಳಿನ ಪಲ್ಯ ತಿಂದು ಆಮೇಲೆ ತೆಳ್ಳೇವಿಗೆ ಕೈ ಹಾಕಿ. ಕಾಳಿನ ನಾರು ಮತ್ತು ಪ್ರೋಟೀನ್ ಗ್ಲೂಕೋಸಿನ ಏರಿಕೆಯನ್ನು ನಿಧಾನಗೊಳಿಸುತ್ತವೆ. ತಿಂಡಿಯ ನಂತರ ಹದಿನೈದು ನಿಮಿಷ ನಡೆದರೆ ಸ್ನಾಯುಗಳೇ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ. ಮಂಡಿ ಹತ್ತಿರವಿದ್ದರೆ ಬೈಕ್ ಬಿಟ್ಟು ನಡೆದೇ ಹೋಗಿ. ಕಾರವಾರ, ಅಂಕೋಲಾ ಕಡೆಯ ಓದುಗರಿಗೂ ಇದೇ ಮಾತು: ಕುಚ್ಚಲಕ್ಕಿಯಾದರೂ ಅನ್ನ ಅಳತೆಯಲ್ಲಿರಲಿ, ಬಂಗುಡೆ ಮತ್ತು ತರಕಾರಿ ತಟ್ಟೆಯಲ್ಲಿ ಹೆಚ್ಚಿರಲಿ.

ಮಧ್ಯಾಹ್ನ ಊಟದ ನಂತರ ಬರುವ ಸಣ್ಣ ಜೊಂಪು ಬೇರೆ. ಮಾವಿನಕಾಯಿಯ ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ ಎನ್ನುತ್ತೇವಲ್ಲ, ಆ ಹೊತ್ತಿಗೆ ದೇಹದ ಗಡಿಯಾರವೇ ಎಚ್ಚರವನ್ನು ತುಸು ತಗ್ಗಿಸುತ್ತದೆ. ಅದಕ್ಕೆ ಹೆದರಬೇಡಿ.

ನನಗೆ ಹೆಚ್ಚು ಕಳವಳ ತಂದದ್ದು ನಿಮ್ಮ ತಂದೆಯ ವಿಷಯ. ಈ ವಾರವೇ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಒಂದು ಡೆಸಿಲೀಟರ್ (100 ಮಿ.ಲೀ.) ರಕ್ತದಲ್ಲಿ ಗ್ಲೂಕೋಸ್ 100 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಸಹಜ, 100ರಿಂದ 125 ಎಚ್ಚರಿಕೆಯ ಹಂತ, ಇನ್ನೊಮ್ಮೆ ಪರೀಕ್ಷಿಸಿದಾಗಲೂ 126 ಅಥವಾ ಹೆಚ್ಚಿದ್ದರೆ ಮಧುಮೇಹ. ಗ್ಲೂಕೋಸಿನ ಮೂರು ತಿಂಗಳ ಸರಾಸರಿ ಹೇಳುವ ರಕ್ತ ಪರೀಕ್ಷೆ ಎಚ್‌ಬಿಎ1ಸಿ ಶೇ 5.7ರಿಂದ 6.4ರೊಳಗಿದ್ದರೂ ಎಚ್ಚರ ಬೇಕು. ರಕ್ತಹೀನತೆ, ಥೈರಾಯ್ಡ್ ಕೊರತೆ, ಗೊರಕೆಯಿಂದ ಕೆಟ್ಟ ನಿದ್ದೆಯೂ ಇದೇ ಬಳಲಿಕೆ ತರಬಲ್ಲವು. ಅವನ್ನೂ ವೈದ್ಯರ ಬಳಿ ಕೇಳಿ. ಕೈ ನಡುಗುವ ಹೊತ್ತಿಗೇ ಗ್ಲೂಕೋಮೀಟರ್‌ನಲ್ಲಿ ನೋಡಿ ಅಂಕಿ ಬರೆದಿಟ್ಟುಕೊಳ್ಳಿ. 70ಕ್ಕಿಂತ ಕೆಳಗಿದ್ದರೆ ತಕ್ಷಣ ಏನಾದರೂ ಸಿಹಿ ತೆಗೆದುಕೊಂಡು, ಅದೇ ದಿನ ವೈದ್ಯರನ್ನು ಕಾಣಿ.