ಮೊದಲು ನಿಮ್ಮ ಹಸಿ ಕಸದ ಬಕೆಟ್ ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಬೆಂಗಳೂರಿನಲ್ಲಿ ಪುಟ್ಟ ಬಾಡಿಗೆ ಮನೆ, ಒಂದು ಬಾಲ್ಕನಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ. ಪರಿಸರಕ್ಕೂ ಮೈಗೂ ಒಳ್ಳೆಯದಾಗುವ ಹಾಗೆ, ಏನೂ ದಂಡವಾಗದ ಹಾಗೆ ಬದುಕಬೇಕು ಅಂತ ಆಸೆ. ಸಮಯವೂ ಇಲ್ಲ, ದುಡ್ಡೂ ಅಷ್ಟಕ್ಕಷ್ಟೆ. ಎಲ್ಲಿಂದ ಶುರು ಮಾಡೋದು?

ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ.

ನಾನು ಕೊಳ್ಳುವುದರಿಂದಲೇ ಶುರು ಮಾಡಿ ಕೆಟ್ಟವಳು. ಬಿದಿರಿನ ಬ್ರಷ್ ತಂದೆ. ಸ್ಟೀಲ್ ಸ್ಟ್ರಾ ತಂದೆ. ನಮ್ಮ ಮನೆಯಲ್ಲಿ ಎಳನೀರನ್ನೂ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತೇವೆ, ಆ ಸ್ಟ್ರಾ ಯಾಕೆ ಬೇಕಿತ್ತೋ ಇವತ್ತಿಗೂ ಗೊತ್ತಿಲ್ಲ. ಬಟ್ಟೆ ಚೀಲಗಳು ಹದಿಮೂರಾದವು. ಹದಿಮೂರನ್ನೂ ಮನೆಯಲ್ಲೇ ಬಿಟ್ಟು ಅಂಗಡಿಗೆ ಹೋಗುತ್ತಿದ್ದೆ. ಈಗ ಒಂದು ಚೀಲ ಯಾವಾಗಲೂ ಸ್ಕೂಟರ್ ಡಿಕ್ಕಿಯಲ್ಲಿರುತ್ತದೆ. ಆ ಒಂದೇ ಸಾಕು.

ನನ್ನ ಬುದ್ಧಿ ನಿಜವಾಗಿ ತಿದ್ದಿದ್ದು ಹಸಿ ಕಸದ ಬಕೆಟ್. ನಾವು ಇರುವುದು ಹನುಮಂತನಗರದಲ್ಲಿ, ಮೊದಲ ಮಹಡಿ, ಕೆಳಗೆ ಓನರ್ ಮನೆ. ಬೆಳಗ್ಗೆ ಕಸದ ಆಟೋ ಬಂದಾಗ ಬಕೆಟ್ ಹಿಡಿದು ಓಡುವುದು, ಕೈ ತೊಳೆದುಕೊಂಡು ಮರೆತುಬಿಡುವುದು, ಇಷ್ಟೇ ನನಗೂ ಕಸಕ್ಕೂ ಇದ್ದ ಸಂಬಂಧ. ಅದು ಆಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿದವಳೇ ಅಲ್ಲ. ನಿಮಗೆ ನೆನಪಿದೆಯೋ ಇಲ್ಲವೋ, 2012ರಲ್ಲಿ ಬೆಂಗಳೂರಿನ ಹೊರಗಿನ ಮಾವಳ್ಳಿಪುರದಲ್ಲಿ ನಗರದ ಕಸ ಸುರಿಯುವುದು ನಿಂತಾಗ ಊರೆಲ್ಲ ಗಬ್ಬು ನಾರಿತ್ತು. ಆಮೇಲೆ ಮಂಡೂರಿನವರು ನಮ್ಮ ಕಸದ ವಾಸನೆ ಕುಡಿದು ಕುಡಿದು ಬೀದಿಗಿಳಿದರು. 2014ರ ಕೊನೆಗೆ ಅಲ್ಲೂ ನಿಂತಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ 'ಎರಡು ಬಿನ್, ಒಂದು ಬ್ಯಾಗ್' ಅಂತ ಆದೇಶ ಮಾಡಿತು. ಹಸಿರು ಬಿನ್ನಿಗೆ ಹಸಿ ಕಸ, ಕೆಂಪು ಬಿನ್ನಿಗೆ ಪ್ಯಾಡ್, ಡೈಪರ್, ಬ್ಯಾಂಡೇಜ್, ಚೀಲಕ್ಕೆ ಒಣ ಕಸ.

ಇದನ್ನು ಸರಿಯಾಗಿ ಮಾಡಿದರೇ ಅರ್ಧ ಕೆಲಸ ಮುಗಿದ ಹಾಗೆ. ಸಾಂಬಾರ್ ಮೆತ್ತಿದ ಪೇಪರನ್ನು ಯಾರೂ ಕೊಳ್ಳುವುದಿಲ್ಲ. ಅದೇ ಪೇಪರ್ ಒಣಗಿದ್ದರೆ ಆಯುವವರಿಗೆ ನಾಲ್ಕು ಕಾಸು. ಹಾಲಿನ ಕವರ್ ತೊಳೆದು ಒಣಗಿಸಿಡಿ. ಅದನ್ನು ಕತ್ತರಿಸುವಾಗ ಮೂಲೆಯ ಚೂರು ಉದುರಿಸಬೇಡಿ, ಕವರಿಗೇ ಅಂಟಿಕೊಂಡಿರಲಿ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕೆಂಪು ಪೆನ್ನಿನಲ್ಲಿ ಒಂದು ಗುರುತು ಹಾಕಿ. ನಮ್ಮ ಕಸವನ್ನು ಬಿಚ್ಚಿ ನೋಡುವ ಕೈ ಇನ್ನೊಬ್ಬ ಹೆಂಗಸಿನದು ಅಲ್ವಾ?

ಇನ್ನು ಹಸಿ ಕಸ. ಗಾಳಿಯಾಡದ ಗುಡ್ಡೆಯಲ್ಲಿ ಹೂತರೆ ಅದರಿಂದ ಮೀಥೇನ್ ಅನ್ನುವ ಅನಿಲ ಬರುತ್ತದೆ. ಭೂಮಿ ಬಿಸಿಯಾಗುವುದಕ್ಕೆ ಕಾರ್ಬನ್ ಡೈಆಕ್ಸೈಡಿಗಿಂತ ಅದರ ಪಾಲು, ತೂಕಕ್ಕೆ ತೂಕ ನೋಡಿದರೆ, ಎಷ್ಟೋ ಜಾಸ್ತಿ. ಅದೇ ಕಸ ಗಾಳಿ ಸಿಕ್ಕಿ ಕೊಳೆತರೆ ಗೊಬ್ಬರ. ಹಾಗಾಗಿ ಗೊಬ್ಬರ ಮಾಡೋಣ ಅಂತ ಹೊರಟೆ. ಮೊದಲ ಸಲ ಸೋತೆ, ಚೆನ್ನಾಗಿಯೇ ಸೋತೆ. ಮುಚ್ಚಳ ಬಿಗಿಯಾದ ಡಬ್ಬಕ್ಕೆ ಹದಿನೈದು ದಿನ ಸಿಪ್ಪೆ ಹಾಕುತ್ತಾ ಹೋದೆ. ಹದಿನಾರನೇ ದಿನ ತೆಗೆದರೆ ಕರಿ ನೀರು, ಬಿಳಿ ಹುಳ, ಸತ್ತ ಇಲಿಯ ವಾಸನೆ. ಕೆಳಗಿನಿಂದ ಓನರ್ ಆಂಟಿ ಕೂಗಿದರು. ಮನೆ ಖಾಲಿ ಮಾಡಿಸುತ್ತಾರೇನೋ ಅಂದುಕೊಂಡೆ.

ಆಗ ನಮ್ಮ ಅತ್ತೆ ಬಂದಿದ್ದರು. ಅವರದು ಮಾಗಡಿ ಕಡೆ ಹಳ್ಳಿ. ಮೂಗಿಗೆ ಸೆರಗು ಹಿಡಿದು ಡಬ್ಬ ನೋಡಿ, "ಗೊಬ್ಬರಕ್ಕೆ ಉಸಿರು ಬೇಕು ಕಣಮ್ಮ. ನೀನು ಉಪ್ಪಿನಕಾಯಿ ಜಾಡಿ ಥರ ಮುಚ್ಚಿಟ್ಟಿದ್ದೀಯಲ್ಲ" ಅಂದರು. ಊರಲ್ಲಿ ತಿಪ್ಪೆಗೆ ಸಿಪ್ಪೆಯ ಜೊತೆ ಹುಲ್ಲು, ಬೂದಿ, ತರಗೆಲೆ ಎಲ್ಲ ಬೀಳುತ್ತದೆ. ನನ್ನ ಡಬ್ಬದಲ್ಲಿ ಬರೀ ಹಸಿ ಇತ್ತು. ಅಷ್ಟೇ ವಿಷಯ. ಅತ್ತೆ ಅದನ್ನು ಒಂದು ನಿಮಿಷದಲ್ಲಿ ಹೇಳಿ ಕಾಫಿ ಕುಡಿಯಲು ಹೋದರು. ನಾನು ಅಲ್ಲಿಯ ತನಕ ಆರು ವಿಡಿಯೊ ನೋಡಿದ್ದೆ.

ಈಗ ಮಾಡುವುದು ಹೀಗೆ. ಇಪ್ಪತ್ತು ಲೀಟರಿನ ಎರಡು ಹಳೇ ಪೇಂಟ್ ಬಕೆಟ್, ಮುಚ್ಚಳದ ಸಮೇತ. ಪೇಂಟ್ ಕೆಲಸದವರನ್ನು ಕೇಳಿದರೆ ಕೊಡುತ್ತಾರೆ. ಸುತ್ತಲೂ ತೂತು ಹೊಡೆಸಿ, ತಳದಲ್ಲೂ ನಾಲ್ಕು ಇರಲಿ, ಕೆಳಗೊಂದು ತಟ್ಟೆ ಇಡಿ. ತಳಕ್ಕೆ ಮೂರು ನಾಲ್ಕು ಇಂಚು ತರಗೆಲೆ. ಮೇಲೆ ಆ ದಿನದ ಸಿಪ್ಪೆ, ಸಣ್ಣಗೆ ಹೆಚ್ಚಿದರೆ ಬೇಗ ಕೊಳೆಯುತ್ತದೆ. ಅದು ಕಾಣದ ಹಾಗೆ ಮತ್ತೆ ತರಗೆಲೆ. ವಾರಕ್ಕೊಮ್ಮೆ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ, ಕೋಲಿನಿಂದ ಕೆದಕಿ. ಒಂದು ಬಕೆಟ್ ತುಂಬಿದರೆ ಪಕ್ಕಕ್ಕಿಟ್ಟು ಇನ್ನೊಂದು ಶುರು ಮಾಡಿ. ಇಬ್ಬರೇ ಇರುವ ಮನೆಗೆ ತುಂಬಲು ಒಂದು ತಿಂಗಳ ಮೇಲಾಗುತ್ತದೆ, ಹಣ್ಣಾಗಲು ಇನ್ನೊಂದೂವರೆ ತಿಂಗಳು. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು. ನೀರು ತೊಟ್ಟಿಕ್ಕಿದರೆ ತರಗೆಲೆ ಸಾಲದು. ಪುಡಿ ಪುಡಿಯಾದರೆ ನೀರು ಸಾಲದು.

ಬಿಳಿ ಹುಳ ಬಂದರೆ ಹೆದರಬೇಡಿ. ಹೆಚ್ಚಾಗಿ ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿ. ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಕಸವನ್ನು ಚಕಚಕ ತಿಂದು ಮುಗಿಸುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಅದೊಂದು ನಿಜ. ಎಣ್ಣೆಯ ಅಡುಗೆ, ಮಾಂಸ, ಮೊಸರನ್ನ ಇವನ್ನು ಮೊದಲ ಆರು ತಿಂಗಳು ಹಾಕಬೇಡಿ. ಟೀ ಚರಟವನ್ನು ತೊಳೆದು ಹಾಕಿ. ತೆಂಗಿನ ಕರಟ ಹಾಕಿದರೆ ನಿಮ್ಮ ಮೊಮ್ಮಕ್ಕಳಿಗೂ ಅದು ಕರಟವಾಗಿಯೇ ಸಿಗುತ್ತದೆ. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಕಡಲೆಕಾಯಿ ಪರಿಷೆ ಮುಗಿದ ಮೇಲೆ ನನಗೆ ಒಂದು ತಿಂಗಳು ತರಗೆಲೆಯೇ ಬೇಕಾಗುವುದಿಲ್ಲ, ಮನೆ ತುಂಬ ಕಡಲೆಕಾಯಿ ಸಿಪ್ಪೆ.

ಗೊಬ್ಬರ ಆಯಿತು, ಸಂತೋಷ. ಆದರೆ ದೊಡ್ಡ ಲಾಭ ಬೇರೆ ಕಡೆಯಿಂದ ಬಂತು. ದಿನಾ ಕಸ ಹೆಚ್ಚುತ್ತಾ ಕೂತಾಗ ನಾನು ಏನೇನು ಎಸೆಯುತ್ತಿದ್ದೇನೆ ಅಂತ ಕಣ್ಣಿಗೆ ಕಂಡಿತು. ಅರ್ಧ ಕಟ್ಟು ಕೊಳೆತ ಕೊತ್ತಂಬರಿ. ಮುಟ್ಟದೇ ಇದ್ದ ಬೀನ್ಸ್. ಭಾನುವಾರ ಉತ್ಸಾಹದಲ್ಲಿ ತಂದ ಬ್ರೊಕೊಲಿ, ಹೂವಿನ ಹಾಗೆ ಹಳದಿಯಾಗಿ. ಇದಕ್ಕೆಲ್ಲ ದುಡ್ಡು ಕೊಟ್ಟಿದ್ದೆ. ಯಾರೋ ನೀರು ಹಾಯಿಸಿ ಬೆಳೆದಿದ್ದರು. ಗೊಬ್ಬರ ಆಗುತ್ತಲ್ಲ ಅಂತ ಸಮಾಧಾನ ಮಾಡಿಕೊಳ್ಳಲು ಮನಸ್ಸು ಬರಲಿಲ್ಲ. ಕಾಲು ಕೆ.ಜಿ. ಬೀನ್ಸಿನಿಂದ ಮುಷ್ಟಿ ಗೊಬ್ಬರ ಮಾಡುವುದು ಬಲು ದುಬಾರಿ ಬೇಸಾಯ.

ವಾರಕ್ಕೊಮ್ಮೆ ಸೂಪರ್ ಮಾರ್ಕೆಟ್ಟಿಗೆ ಹೋಗಿ ಫ್ರಿಜ್ ತುಂಬಿಸುವುದನ್ನು ಬಿಟ್ಟೆ. ಎರಡು ದಿನಕ್ಕೊಮ್ಮೆ ಆಫೀಸಿನಿಂದ ಬರುವಾಗ ತಳ್ಳುಗಾಡಿಯಲ್ಲೋ ಹಾಪ್‌ಕಾಮ್ಸ್‌ನಲ್ಲೋ ಕಾಲು ಕೆ.ಜಿ. ಲೆಕ್ಕದಲ್ಲಿ ತರುತ್ತೇನೆ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಇಲ್ಲ ಅನ್ನುವುದಿಲ್ಲ. ಆ ಹತ್ತು ನಿಮಿಷ ನಡೆದ ಹಾಗೂ ಆಯಿತು. ಕೊತ್ತಂಬರಿಯನ್ನು ಬೇರು ಕತ್ತರಿಸಿ, ಒದ್ದೆ ಇಲ್ಲದ ಹಾಗೆ ಪೇಪರಿನಲ್ಲಿ ಸುತ್ತಿ ಡಬ್ಬದಲ್ಲಿಟ್ಟರೆ ವಾರ ಇರುತ್ತದೆ. ಹೀರೆಕಾಯಿ ಸಿಪ್ಪೆ ಚಟ್ನಿಗೆ, ಕಲ್ಲಂಗಡಿಯ ಬಿಳಿ ಭಾಗ ದೋಸೆಗೆ, ಉಳಿದ ಇಡ್ಲಿ ಸಂಜೆ ಉಪ್ಪಿಟ್ಟಿಗೆ. ಇದನ್ನೆಲ್ಲ ನಮ್ಮ ಅಜ್ಜಿಯರು ಪರಿಸರ ಉಳಿಸಲು ಮಾಡಿದ್ದಲ್ಲ. ಚೆಲ್ಲಲು ಮನಸ್ಸು ಬಾರದೆ ಮಾಡಿದ್ದು. ಅಕ್ಕಿ ತೊಳೆದ ನೀರಿಗೂ ಕಲಗಚ್ಚು ಅಂತ ಒಂದು ಹೆಸರಿತ್ತು, ಅದನ್ನು ಒಯ್ಯಲು ಹಸು ಕಟ್ಟಿದವರು ಮನೆ ಬಾಗಿಲಿಗೆ ಬರುತ್ತಿದ್ದರು. ಈಗ ನಮ್ಮ ಬೀದಿಯಲ್ಲಿ ಹಸು ಇಲ್ಲ. ಕಲಗಚ್ಚು ಕರಿಬೇವಿನ ಕುಂಡಕ್ಕೆ ಹೋಗುತ್ತದೆ. ಒಂದು ಎಚ್ಚರಿಕೆ: ಉಳಿದ ಅನ್ನವನ್ನು ರಾತ್ರಿಯೆಲ್ಲ ಹೊರಗಿಟ್ಟು ಬೆಳಗ್ಗೆ ಚಿತ್ರಾನ್ನ ಮಾಡಬೇಡಿ. ಆರಿದ ಕೂಡಲೇ ಫ್ರಿಜ್ಜಿಗಿಡಿ. ಅನ್ನದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಬಕೆಟ್ಟಿನ ಪಕ್ಕದಲ್ಲೇ ಒಣ ಕಸದ ಚೀಲ ಇತ್ತಲ್ಲ, ಅದೂ ಚಾಡಿ ಹೇಳಿತು. ಮುಕ್ಕಾಲು ಪಾಲು ಆನ್‌ಲೈನ್ ಊಟದ ಡಬ್ಬಗಳು. ಸುಸ್ತಾದ ದಿನ ತರಿಸುತ್ತಿದ್ದೆವು, ವಾರಕ್ಕೆ ನಾಲ್ಕು ದಿನ ಸುಸ್ತಾಗುತ್ತಿತ್ತು. ಪೂರ್ತಿ ಬಿಟ್ಟಿಲ್ಲ, ಸುಳ್ಳು ಯಾಕೆ. ಈಗ ಸುಸ್ತಾದ ದಿನ ಕ್ಯಾರಿಯರ್ ಹಿಡಿದು ಮೂಲೆಯ ದರ್ಶಿನಿಗೆ ಹೋಗುತ್ತೇವೆ. ಮೊದಲ ದಿನ ಕೌಂಟರಿನವರು ವಿಚಿತ್ರವಾಗಿ ನೋಡಿದರು. ಈಗ ಡಬ್ಬ ಕಂಡರೆ ಸಾಂಬಾರ್ ಒಂದು ಸೌಟು ಜಾಸ್ತಿ ಬೀಳುತ್ತದೆ. ಇಲ್ಲದಿದ್ದರೆ ಮನೆಯಲ್ಲೇ ಮುದ್ದೆ, ಸೊಪ್ಪಿನ ಸಾರು, ಅರ್ಧ ಗಂಟೆಯ ಕೆಲಸ. ರಾಗಿ ಮಾಗಡಿ, ಕನಕಪುರ ಸುತ್ತ ಮಳೆಯನ್ನೇ ನಂಬಿ ಬೆಳೆಯುತ್ತದೆ, ಭತ್ತದ ಹಾಗೆ ಗದ್ದೆ ತುಂಬ ನೀರು ನಿಲ್ಲಿಸಬೇಕಿಲ್ಲ. ನೂರು ಗ್ರಾಂನಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಗಂತ ಸಕ್ಕರೆ ಕಾಯಿಲೆ ಇದ್ದವರು ಮೂರು ಮುದ್ದೆ ಏರಿಸಿದರೆ ರಾಗಿ ಏನು ಮಾಡೀತು, ಪಾಪ.

ನೀರಿನ ವಿಷಯ. ನಿಮ್ಮ ಮನೆಗೆ ಕಾವೇರಿ ನೀರು ಬರುತ್ತಿದ್ದರೆ ಅದು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಹತ್ತಿ ಬಂದದ್ದು. ಹರೋಹಳ್ಳಿಯಲ್ಲೊಮ್ಮೆ, ತಾತಗುಣಿಯಲ್ಲೊಮ್ಮೆ ಮತ್ತೆ ಪಂಪ್ ಮಾಡುತ್ತಾರೆ. ಅಂದರೆ ಪ್ರತಿ ಬಕೆಟ್ ನೀರಿನಲ್ಲೂ ಕರೆಂಟ್ ಇದೆ. ಅಂಥ ನೀರನ್ನು ಉಪ್ಪಿನಂಶ ತೆಗೆಯುವ ಆರ್‌ಒ ಮೆಷಿನ್ನಿಗೆ ಹಾಕಿ, ಒಂದು ಲೀಟರ್ ಕುಡಿದು ಎರಡು ಮೂರು ಲೀಟರ್ ಸಿಂಕಿಗೆ ಬಿಡುತ್ತಿದ್ದೆ ನಾನು. ಕಾವೇರಿ ನೀರಿನಲ್ಲಿ ಉಪ್ಪಿನಂಶ ಕಡಿಮೆ, ಅದಕ್ಕೆ ಆರ್‌ಒ ಬೇಕಿಲ್ಲ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಅಳತೆ, ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಯುವಿ ಫಿಲ್ಟರ್ ಸಾಕು, ಕುದಿಸಿ ಕುಡಿದರೂ ಸರಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಮಾತು ಬೇರೆ, ಮೊದಲು ಪರೀಕ್ಷೆ ಮಾಡಿಸಿ. ಆಗ ಆರ್‌ಒ ಬಿಡುವ ನೀರು ಗಿಡಕ್ಕೆ ಬೇಡ, ನೆಲ ಒರೆಸಲು, ಟಾಯ್ಲೆಟ್ಟಿಗೆ ಇಟ್ಟುಕೊಳ್ಳಿ. ನಲ್ಲಿಗೆ ಏರೇಟರ್ ಹಾಕಿಸಿ, ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ ಅದು. ಕೊಳ್ಳಿ ಅಂತ ನಾನು ಹೇಳುವುದು ಇದೊಂದನ್ನೇ.

ಮಳೆ ನೀರು ಹಿಡಿಯುವುದು ಬಾಡಿಗೆಯವರ ಕೈಯಲ್ಲಿಲ್ಲ ಅನ್ನಬಹುದು. ಆದರೂ ಲೆಕ್ಕ ನೋಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 970 ಮಿಲಿಮೀಟರ್ ಮಳೆ ಬೀಳುತ್ತದೆ. ನೂರು ಚದರ ಮೀಟರ್ ತಾರಸಿಯ ಮೇಲೆ ತೊಂಬತ್ತು ಸಾವಿರ ಲೀಟರಿಗೂ ಮೇಲಾಯಿತು. 2024ರ ಬೇಸಿಗೆಯಲ್ಲಿ ಬೋರ್ ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಹೇಳಿದಾಗ, ನಾನು ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ಓನರ್ ಆಂಟಿಗೆ ಕೊಟ್ಟೆ. ಆಂಟಿ ಮಾತಾಡಲಿಲ್ಲ. ಜೂನ್‌ನಲ್ಲಿ ಪೈಪಿನ ಕೆಳಗೆ ಒಂದು ನೀಲಿ ಡ್ರಮ್ ಬಂದಿತ್ತು. ಪೂರ್ತಿ ಇಂಗುಗುಂಡಿ ಅಲ್ಲ, ಬರೀ ಡ್ರಮ್. ಸ್ಕೂಟರ್ ತೊಳೆಯುವುದಕ್ಕೆ, ಅಂಗಳ ತೊಳೆದು ರಂಗೋಲಿ ಹಾಕುವುದಕ್ಕೆ ಅದೇ ನೀರು.

ಕರೆಂಟಿನ ಬಗ್ಗೆ ನನ್ನ ಹತ್ತಿರ ಜಾಸ್ತಿ ಉಪದೇಶ ಇಲ್ಲ. ಬಿಲ್ ಸೊನ್ನೆ ಬರುವ ಮನೆಯಲ್ಲಿ ಫ್ಯಾನ್ ಆರಿಸಿ ಅಂತ ನಮ್ಮವರಿಗೆ ದಿನಾ ಹೇಳಬೇಕು. ಹಳೇ ಫ್ಯಾನ್ ಕೆಟ್ಟಾಗ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಹಾಕಿಸಿ, ಅರ್ಧಕ್ಕಿಂತ ಕಡಿಮೆ ಕರೆಂಟ್ ತಿನ್ನುತ್ತದೆ. ಕೆಡುವ ಮೊದಲೇ ಬದಲಿಸಬೇಡಿ.

ಓನರ್ ಏನನ್ನುತ್ತಾರೋ ಅಂತ ಭಯವಿದ್ದರೆ ಮೊದಲ ಗೊಬ್ಬರದಲ್ಲಿ ಅರ್ಧವನ್ನು ಅವರಿಗೇ ಕೊಡಿ. ನಮ್ಮ ಆಂಟಿಯ ದಾಸವಾಳ ಈಗ ನಮ್ಮ ಬಾಲ್ಕನಿ ಮುಟ್ಟಿದೆ, ವಾಸನೆಯ ಮಾತೇ ಇಲ್ಲ. ಇನ್ನೊಂದು, ತರಗೆಲೆಯನ್ನು ಮಳೆಗಾಲಕ್ಕೆ ಮುಂಚೆಯೇ ಎತ್ತಿಟ್ಟುಕೊಳ್ಳಿ. ಹೊಂಗೆ ಮರ ಎಲೆ ಉದುರಿಸುವ ಕಾಲದಲ್ಲಿ ಬೆಳಗ್ಗೆ ಗುಡಿಸುವ ಪೌರಕಾರ್ಮಿಕರನ್ನು ಕೇಳಿದರೆ ಒಂದು ಚೀಲ ತುಂಬಿಸಿ ಕೊಡುತ್ತಾರೆ. ಮಳೆ ಹಿಡಿದರೆ ಆಮೇಲೆ ಒಣ ಎಲೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ನನ್ನ ಹತ್ತಿರ ಮೂರು ಚೀಲ ಇದೆ, ಮಂಚದ ಕೆಳಗೆ.